ಮೇಲಿನ ಮನೆಯ ಸಾಮಾನು

ಮೇಲಿನ ಮನೆಗೆ ಕಸ ಗುಡಿಸುವ ಯಂತ್ರ ಬಂದಿದೆ ಎಂದು ಹೆಂಡತಿ ಹೇಳಿದಾಗ ದವಡೆ ಹಲ್ಲುಜ್ಜುತ್ತಿದ್ದ. ಉಜ್ಜುವುದನ್ನು ನಿಲ್ಲಿಸಿ, ಬಾಯಿ ತುಂಬ ನೊರೆ ಇಟ್ಟುಕೊಂಡೇ, "ಎಂಥದ್ದು?" ಎಂದ.

"ದುಂಡಗೆ ತಟ್ಟೆ ಥರ ಇದೆ ರೀ. ನೆಲದ ಮೇಲೆ ಬಿಟ್ರೆ ಸಾಕು, ತಾನೇ ಓಡಾಡ್ಕೊಂಡು ಗುಡಿಸತ್ತೆ. ಮುಗಿದ ಮೇಲೆ ತಾನೇ ಹೋಗಿ ಮೂಲೇಲಿ ಕೂತ್ಕೊಳ್ಳತ್ತೆ."

"ಮನುಷ್ಯನಿಗೆ ಸೊಂಟ ಅಂತ ಒಂದು ಯಾಕಿದೆ? ಬಗ್ಗೋದಕ್ಕೆ. ಬಗ್ಗೋದು ಬಿಟ್ಟವನ ಸೊಂಟ ಒಂದಿನ ಅವನನ್ನ ಬಿಡತ್ತೆ, ನೋಡ್ತಿರು," ಎಂದು ದವಡೆ ಕನ್ನಡಿಗೆಲ್ಲ ನೊರೆ ಸಿಡಿಸಿದ. ಆ ನೊರೆಯನ್ನು ಒರೆಸಿದ್ದು ಅವನಲ್ಲ, ಹೆಂಡತಿ.

ದವಡೆ ಎಂಬುದು ತಂದೆತಾಯಿ ಇಟ್ಟ ಹೆಸರೇನಲ್ಲ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ದಿನವಿಡೀ ಪ್ಲಾಸ್ಟರಿನ ದವಡೆಗಳಿಗೆ ಹಲ್ಲು ಕೂರಿಸುವುದು ಅವನ ಕೆಲಸ. ಅದರಿಂದಲೇ ಆ ಹೆಸರು ಬಂತು ಎನ್ನುವವರಿದ್ದಾರೆ. ಅವನ ಸ್ವಂತ ದವಡೆಗೆ ಬಿಡುವೇ ಇಲ್ಲದ್ದರಿಂದ ಬಂತು ಎನ್ನುವವರು ಇನ್ನೂ ಜಾಸ್ತಿ ಇದ್ದಾರೆ.

ಮೇಲಿನ ಮನೆಯವನು ಬೇರೆ ಯಾರೋ ಆಗಿದ್ದರೆ ದವಡೆ ಇಷ್ಟು ನೊರೆ ಕಾರುತ್ತಿರಲಿಲ್ಲ. ಅವನು ಷಡ್ಡಕ, ಹೆಂಡತಿಯ ತಂಗಿಯ ಗಂಡ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ತಂದ ಇಬ್ಬರು ಗಂಡಸರು ಒಬ್ಬರ ತಲೆಯ ಮೇಲೊಬ್ಬರು ಸಂಸಾರ ಹೂಡಿದರೆ, ಕೆಳಗಿರುವವನಿಗೆ ಮೇಲಿನ ಪ್ರತಿ ಸದ್ದೂ ಕೇಳುತ್ತದೆ. ಷಡ್ಡಕ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಸೇಲ್ಸ್‌ಮನ್. ಹೊಸ ಮಾಡೆಲ್ ಬಂದಾಗಲೆಲ್ಲ, ಅಂಗಡಿಯಲ್ಲಿ ನೋಡಲು ಇಟ್ಟಿದ್ದ ಹಳೆಯದು ಅರ್ಧಕ್ಕರ್ಧ ಬೆಲೆಗೆ ಅವನ ಮನೆ ಸೇರುತ್ತಿತ್ತು. ಹೀಗೆ ಗೋಡೆಯಗಲ ಟೀವಿ ಬಂತು, ಮಗನಿಗೆ ಟ್ಯಾಬ್ ಬಂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಸ್ಪೀಕರ್ ಡಬ್ಬಿ ಬಂತು.

ಹೊಟ್ಟೆಕಿಚ್ಚು ಎಂಬ ಮಾತನ್ನು ದವಡೆ ಒಪ್ಪುತ್ತಿರಲಿಲ್ಲ. ಅದಕ್ಕೆ ಅವನು ಇಟ್ಟುಕೊಂಡಿದ್ದ ಹೆಸರು ಅಭಿಪ್ರಾಯ. ಟೀವಿ ಬಂದಾಗ, ಮಕ್ಕಳ ಕಣ್ಣು ಹಾಳಾಗುತ್ತದೆ ಎಂಬ ಅಭಿಪ್ರಾಯ ಹುಟ್ಟಿತು. ಟ್ಯಾಬ್ ಬಂದಾಗ ಕೈಬರಹದ ಬಗ್ಗೆ, ಡಬ್ಬಿ ಬಂದಾಗ ಮನುಷ್ಯ ಮನುಷ್ಯರ ಮಾತುಕತೆಯ ಬಗ್ಗೆ. ಸಂಜೆ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಇವನ್ನೆಲ್ಲ ಎತ್ತರದ ದನಿಯಲ್ಲಿ ಬಿಡುಗಡೆ ಮಾಡುತ್ತಿದ್ದ. ವಿಚಿತ್ರವೆಂದರೆ ಷಡ್ಡಕ ಪಕ್ಕದಲ್ಲೇ ಕೂತು, "ಹೌದಲ್ವಾ ಅಣ್ಣ, ನಿಜ," ಎಂದು ತಲೆಯಾಡಿಸುತ್ತಿದ್ದ. ಬೈಸಿಕೊಳ್ಳುವವನು ಬೈಸಿಕೊಂಡದ್ದೇ ಗೊತ್ತಿಲ್ಲದೆ ತಲೆಯಾಡಿಸಿದರೆ ಬೈದವನಿಗೆ ಊಟ ಸೇರುವುದಿಲ್ಲ.

ಆ ದಿನ ಮಾತ್ರ ವಿಷಯ ಬೇರೆ ಇತ್ತು. ಹಿಂದಿನ ಬೀದಿಯಲ್ಲಿ ಎತ್ತರದ ಕಾಂಪೌಂಡಿನ ಒಂದು ಶಾಲೆ. ಅದರ ಫೀಸು ಕೇಳಿದವರು ಒಂದು ಕ್ಷಣ ಗೋಡೆ ಹಿಡಿದುಕೊಳ್ಳುತ್ತಿದ್ದರು. ಪ್ರತಿವರ್ಷ ಆ ಶಾಲೆ ಸುತ್ತಮುತ್ತಲಿನ ಮನೆಗಳ ಒಂದೇ ಒಂದು ಮಗುವಿಗೆ ಫೀಸಿಲ್ಲದ ಸೀಟು ಕೊಡುತ್ತಿತ್ತು. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಶಾಲೆಯ ಮೇಡಂ ಮನೆಗೇ ಬಂದು, ಮನೆ ನೋಡಿ, ಅಲ್ಲೇ ತೀರ್ಮಾನ ಹೇಳಿ ಹೋಗುತ್ತಿದ್ದರು. ಆ ಸಂಜೆ ನಾಲ್ಕಕ್ಕೆ ದವಡೆಯ ಮನೆಗೆ ಬರುವವರಿದ್ದರು. ಮಗಳನ್ನು ಆ ಗೇಟಿನೊಳಗೆ ಕಳಿಸಬೇಕೆಂಬ ಆಸೆ ಅವನಿಗೆ ಎಷ್ಟಿತ್ತೆಂದರೆ, ಆ ದಾರಿಯಲ್ಲಿ ಹೋಗುವಾಗ ಅವನು ತಲೆ ಎತ್ತದೆ ನಡೆಯುತ್ತಿದ್ದ.

"ಇನ್ನೊಂದು ವಿಷಯ," ಎಂದಳು ಹೆಂಡತಿ, ಕನ್ನಡಿ ಒರೆಸುತ್ತ. "ನಮ್ಮನೆ ಮುಗಿಸಿ ಮೇಲಕ್ಕೂ ಹೋಗ್ತಾರಂತೆ. ತಂಗೀನೂ ಅರ್ಜಿ ಹಾಕಿದ್ದಾಳೆ. ಕೊನೇಲಿ ಉಳಿದಿರೋದು ನಾವಿಬ್ಬರೇ ಅಂತೆ."

ದವಡೆಯ ಕೈಯಿಂದ ಬ್ರಷ್ಷು ಜಾರಿತು. "ಎಲ್ಲಾ ಇರೋರಿಗೆ ಅದೊಂದು ಬೇರೆ ಬೇಕಾ? ಫೀಸು ಕಟ್ಟಲಿ, ಬೇಡ ಅಂದವರ್ಯಾರು?"

"ಆದಾಯ ಕೇಳಲ್ವಂತೆ ರೀ. ಮನೆ ನೋಡ್ತಾರಂತೆ, ಅಷ್ಟೇ."

ಮನೆ ನೋಡುತ್ತಾರೆ! ದವಡೆ ತನ್ನ ಮನೆಯನ್ನು ತಾನೇ ಒಮ್ಮೆ ನೋಡಿದ. ಒಂದು ಚಾಪೆ, ಒಂದು ಮರದ ಸ್ಟೂಲು, ಕತೆಪುಸ್ತಕಗಳ ಗೂಡು. ಕಿಟಕಿಯ ಅಂಚಿನಲ್ಲಿ, ಲ್ಯಾಬಿನಿಂದ ತಂದ ಮೇಣದ ಚೂರುಗಳಲ್ಲಿ ಮಗಳು ಮಾಡಿಟ್ಟ ಆನೆ, ಆಮೆ, ಹಿಂಡು ಬಾತುಕೋಳಿ, ಎಲ್ಲವೂ ಹಲ್ಲಿನ ವಸಡಿನ ಹಾಗೆ ಗುಲಾಬಿ ಬಣ್ಣ. ಇದನ್ನು ನೋಡಿ, ಮೇಲೆ ಹೋಗಿ ಅದನ್ನು ನೋಡಿದವರು ಯಾರಿಗೆ ಸೀಟು ಕೊಡುತ್ತಾರೆ? ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು.

"ಅರ್ಜಿ ಕೊಡೋಕೆ ಹೋದಾಗ ನಾನು ಒಳಗೆ ನೋಡಿದೆ ರೀ," ಎಂದು ಹೆಂಡತಿ ಹೇಳಲು ಹೊರಟಳು. "ಕಂಪ್ಯೂಟರ್ ಗಿಂಪ್ಯೂಟರ್ ಏನೂ ಕಾಣಲಿಲ್ಲ. ಬರೀ ಗಿಡದ ಕುಂಡ, ಮಣ್ಣು..."

"ಹೊರಗಿಡ್ತಾರೇನೆ ಅದನ್ನೆಲ್ಲ? ಕಳುವಾಗಲ್ವಾ? ಒಳಗಿಟ್ಟಿರ್ತಾರೆ," ಎಂದು ಬಾಯಿ ಮುಚ್ಚಿಸಿ ದವಡೆ ಕೆಲಸಕ್ಕೆ ಹೊರಟ.

ಲ್ಯಾಬಿನಲ್ಲಿ ಆ ಬೆಳಗ್ಗೆ ಅವನ ಕೈ ಒಂದು ಕಡೆ, ತಲೆ ಒಂದು ಕಡೆ. ಪಕ್ಕದ ಮೇಜಿನಲ್ಲಿ ಮೇಣ ಕಾಯಿಸುತ್ತಿದ್ದ ಹಿರಿಯ ಸಹೋದ್ಯೋಗಿ, ಎಲ್ಲರೂ ಮೇಣದಣ್ಣ ಎನ್ನುವಾತ, ಬಗ್ಗಿ ನೋಡಿ ಬೆಚ್ಚಿದ.

"ಏನ್ರೀ ದವಡೆ, ಮುಂದಿನ ಹಲ್ಲಿನ ಜಾಗದಲ್ಲಿ ಅರೆಯೋ ಹಲ್ಲು ಕೂರಿಸಿದ್ದೀರಿ! ಇದನ್ನ ಹಾಕ್ಕೊಂಡು ಆ ಯಜಮಾನ್ರು ನಕ್ಕರೆ ಮೊಮ್ಮಕ್ಕಳು ಓಡಿಹೋಗ್ತಾರೆ."

ದವಡೆ ತನ್ನ ಕಷ್ಟ ತೋಡಿಕೊಂಡ. ಮೇಣದಣ್ಣನಿಗೆ ಮಕ್ಕಳಿರಲಿಲ್ಲ. ಆದ್ದರಿಂದ ವಿದ್ಯಾಭ್ಯಾಸದ ವಿಷಯದಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

"ಲೆಕ್ಕ ಹಾಕಿ ನೋಡಿ. ಅಷ್ಟೊಂದು ಫೀಸು ತಗೊಳ್ಳೋರು ಮಕ್ಕಳ ಕೈಗೆ ಏನು ಬಳಪ ಕೊಡ್ತಾರಾ? ಗೋಡೆಗೆಲ್ಲ ಸ್ಕ್ರೀನೇ ಇರತ್ತೆ, ನಡೀರಿ. ಮನೇಲಿ ಮಗು ಇಂಥವಕ್ಕೆಲ್ಲ ಹೊಂದ್ಕೊಂಡಿದೆಯೋ ಇಲ್ವೋ ಅಂತ ನೋಡೋಕೇ ಬರೋದು. ಇಲ್ಲದಿದ್ರೆ ಯಾವ ಮೇಡಂ ಮೆಟ್ಟಿಲು ಹತ್ಕೊಂಡು ಬರ್ತಾರೆ?"

"ನಮ್ಮನೇಲಿ ಏನಿದೆ ತೋರಿಸೋಕೆ?"

"ನಿಮ್ಮನೇಲಿಲ್ಲ. ಮೇಲಿನ ಮನೇಲಿದೆಯಲ್ಲ? ಒಂದು ಗಂಟೆ ಹೊತ್ತು ಕೇಳಿ ತಗೊಳ್ಳಿ. ಸ್ವಂತ ಷಡ್ಡಕ, ಇಲ್ಲ ಅಂತಾನಾ?"

ಇಷ್ಟು ಮೇಣದಣ್ಣನ ಸಲಹೆ. ಇದರ ಮುಂದಿನ ಭಾಗ ದವಡೆಯ ಸ್ವಂತದ್ದು. ಸಾಮಾನೆಲ್ಲ ಕೆಳಗೆ ಬಂದರೆ ಮೇಲೆ ಏನೂ ಇರುವುದಿಲ್ಲ. ಅದನ್ನು ಹಿಂದಿರುಗಿಸುವುದು ಸ್ವಲ್ಪ ತಡವಾಯಿತೆನ್ನಿ. ಮೇಡಂ ಬೋಳು ಗೋಡೆ ನೋಡಿ ಬರಬೇಕಾಗುತ್ತದೆ. ಈ ಯೋಚನೆ ಬಂದದ್ದೇ ತಡ, ದವಡೆಗೆ ಬೆಳಗಿನಿಂದ ಮೊದಲ ಬಾರಿಗೆ ಹಸಿವಾಯಿತು. ಅರ್ಧ ದಿನ ರಜೆ ಬರೆದುಕೊಟ್ಟು, ಮೇಣದಣ್ಣನನ್ನೂ ಎಳೆದುಕೊಂಡು ಮನೆಗೆ ಬಂದ.

ಷಡ್ಡಕನಿಗೆ ಅಂದು ವಾರದ ರಜೆ. ಕೇಳಿದ ಕೂಡಲೇ, "ಅದಕ್ಕೇನಣ್ಣ, ತಗೊಂಡು ಹೋಗಿ. ಮಗು ವಿಷಯ," ಎಂದುಬಿಟ್ಟ. ಹೀಗೆ ಹಿಂದೆಮುಂದೆ ನೋಡದೆ ಕೊಡುವುದನ್ನೂ ದವಡೆಗೆ ಸಹಿಸಲಾಗಲಿಲ್ಲ. ಒಂದಿಷ್ಟು ಗೊಣಗಿದ್ದರೆ ಮನಸ್ಸಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗೊಣಗಿದವಳು ನಾದಿನಿ. "ಭಾವ, ನಮ್ಮನೆಗೂ ಬರ್ತಾರಲ್ಲ ಅವರು?"

"ಅವರು ನಮ್ಮನೇಲಿ ಕಾಫಿ ಲೋಟ ಕೆಳಗಿಡೋಷ್ಟರಲ್ಲಿ ಎಲ್ಲಾ ಮೇಲೆ ಬಂದಿರತ್ತೆ ಕಣಮ್ಮ. ನಾನಿದ್ದೀನಲ್ಲ?" ಎಂದ ದವಡೆ. ಸುಳ್ಳು ಹೇಳುವಾಗ ಅವನ ದನಿ ತುಂಬ ಮೃದುವಾಗುತ್ತದೆ.

ಟೀವಿಯನ್ನು ಗೋಡೆಯಿಂದ ಬಿಚ್ಚಿ, ಮುಂದೆ ಮೇಣದಣ್ಣ, ಹಿಂದೆ ದವಡೆ ಹಿಡಿದು ಮೆಟ್ಟಿಲಿಳಿಸಿದರು. ತಿರುವಿನಲ್ಲಿ ಟೀವಿ ಹಿಡಿಯಲಿಲ್ಲ. ಓರೆ ಮಾಡಿದರೆ ಮೇಣದಣ್ಣ ಗೋಡೆಗೂ ಟೀವಿಗೂ ನಡುವೆ ಸಿಕ್ಕಿಕೊಂಡ. ಅವನನ್ನು ಬಿಡಿಸಲು ಷಡ್ಡಕನೇ ಬರಬೇಕಾಯಿತು. ಆ ಗಲಾಟೆಗೆ ನೆಲಮಹಡಿಯ ಮನೆಯಾಕೆ ಹೊರಬಂದರು. ಆ ಕಟ್ಟಡದಲ್ಲಿ ಒಂದು ಚಮಚ ಬಿದ್ದರೂ ಎತ್ತಿದವರು ಯಾರು ಎಂದು ತಿಳಿದುಕೊಳ್ಳದೆ ಅವರಿಗೆ ನಿದ್ದೆ ಬಾರದು.

"ಏನ್ರೀ ಇದು? ಮೇಲಿನ ಮನೆಯವರು ಎಲ್ಲಾ ಮನೆಯಿಂದ ಆಚೆ ಹಾಕ್ತಿದ್ದಾರಾ?"

"ಹೌದು, ಎಲ್ಲಾನೂ," ಎಂದ ದವಡೆ, ಏದುಸಿರು ಬಿಡುತ್ತ. ವಿವರಿಸುವಷ್ಟು ಉಸಿರು ಅವನಲ್ಲಿರಲಿಲ್ಲ. "ಅಯ್ಯೋ, ಒಂದೇ ದಿನದಲ್ಲಾ!" ಎಂದು ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು, ಈ ಸುದ್ದಿಯನ್ನು ಎಲ್ಲಿಂದ ಹಂಚಲು ಶುರು ಮಾಡಲಿ ಎಂದು ಬೀದಿಯ ಎರಡೂ ತುದಿ ನೋಡಿದರು.

ಟೀವಿ ಆದಮೇಲೆ ಟ್ಯಾಬ್, ಡಬ್ಬಿ, ಕಸದ ತಟ್ಟೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆಸೆಯ ಜೊತೆ ಹೊಟ್ಟೆಕಿಚ್ಚೂ ಕೈಜೋಡಿಸಿತ್ತಲ್ಲ? ಗಾಳಿ ಶುದ್ಧಿ ಮಾಡುವ ಯಂತ್ರ, ಬೊಗಳುವ ಬ್ಯಾಟರಿ ನಾಯಿ, ಕೊನೆಗೆ ಗೋಡೆಯಲ್ಲಿ ಬಣ್ಣ ಬದಲಿಸುವ ದೀಪವನ್ನೂ ಬಿಡಲಿಲ್ಲ. ಮೇಲೆ ಕರಿಯ ಮೊಳೆಗಳಷ್ಟೇ ಉಳಿದವು.

ಕೆಳಗೆ ಈಗ ಜಾಗ ಸಾಲಲಿಲ್ಲ. "ಈ ಚಾಪೆ, ಸ್ಟೂಲು, ಈ ಹಳೇ ಪುಸ್ತಕದ ರಾಶಿ, ಎಲ್ಲಾ ಮೇಲೆ ಹಾಕ್ಬಿಡಿ," ಎಂದು ದವಡೆ ಅಪ್ಪಣೆ ಕೊಡಿಸಿದ. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿದ. "ಇವನ್ನೂ."

ಮಗಳು ಆನೆಯನ್ನು ಎದೆಗವಚಿಕೊಂಡಳು. "ಅಪ್ಪ, ಇದಿನ್ನೂ ಕಿವಿ ಆಗಿಲ್ಲ."

"ಸಂಜೆ ಕಿವಿ ಮಾಡ್ಕೊಳ್ಳುವಂತೆ ಪುಟ್ಟಿ. ಮೇಡಂ ನೋಡಿದ್ರೆ ಏನಂದ್ಕೋತಾರೆ, ನಮ್ಮಪ್ಪ ಕಸದಲ್ಲಿ ಆಡಿಸ್ತಾನೆ ಅಂದ್ಕೊಳ್ಳಲ್ವಾ? ಚಿಕ್ಕಪ್ಪನ ಮನೇಲಿ ಇಟ್ಟು ಬಾ. ಯಾರಾದ್ರೂ ಏನಿಷ್ಟ ಅಂತ ಕೇಳಿದ್ರೆ ಟ್ಯಾಬ್ ಅನ್ನು."

ಮಗಳು ಒಂದೊಂದೇ ಬಾತುಕೋಳಿಯನ್ನು ತಟ್ಟೆಯಲ್ಲಿ ಜೋಡಿಸಿಕೊಂಡು, ಬೀಳದ ಹಾಗೆ ಮೆಟ್ಟಿಲು ಹತ್ತಿದಳು. ಅದನ್ನು ನೋಡಿ ದವಡೆಗೆ ಒಂದು ಗಳಿಗೆ ಕರುಳು ಚುರುಕ್ಕೆಂದಿತು. ಆದರೆ ಗೋಡೆಯ ಮೇಲಿನ ಟೀವಿಯ ಕಡೆ ತಿರುಗಿದಾಗ ಅದು ಮರೆತುಹೋಯಿತು.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ಸಾದಾ ಬಟ್ಟೆ, ಸವೆದ ಚಪ್ಪಲಿ, ಹೆಗಲಿಗೊಂದು ಉದ್ದ ಹಿಡಿಕೆಯ ಬಟ್ಟೆಚೀಲ. ಇಷ್ಟೊಂದು ಫೀಸು ತೆಗೆದುಕೊಂಡು ಮೇಡಂಗೆ ಸಂಬಳ ಕೊಡುವುದಿಲ್ಲವೇ ಎಂದು ದವಡೆಗೆ ಕನಿಕರವಾಯಿತು. ಟೀವಿಯಲ್ಲಿ ಮೀನುಗಳು ಈಜುತ್ತಿದ್ದವು, ಗೋಡೆಯ ದೀಪ ಹಸಿರಿಂದ ನೇರಳೆಗೆ ತಿರುಗುತ್ತಿತ್ತು, ಬ್ಯಾಟರಿ ನಾಯಿ ಸ್ವಾಗತಕ್ಕೆ ಬೊಗಳಿತು. ಮೇಡಂ ಬಾಗಿಲಲ್ಲೇ ಒಂದು ಕ್ಷಣ ನಿಂತರು. ಬೆರಗಾಗಿದ್ದಾರೆ ಎಂದುಕೊಂಡ ದವಡೆ.

"ನಮ್ಮದು ಟೆಕ್ನಾಲಜಿ ಕುಟುಂಬ ಮೇಡಂ," ಎಂದು ಶುರು ಮಾಡಿದ. "ಮಗು ಕಣ್ಣು ಬಿಟ್ಟಿದ್ದೇ ಸ್ಕ್ರೀನ್ ಮುಂದೆ. ಪುಸ್ತಕ ಗಿಸ್ತಕ ಎಲ್ಲ ಹಳೇ ಕಾಲದ್ದು. ಕಾಲದ ಜೊತೆ ಓಡಬೇಕು, ಇಲ್ಲದಿದ್ರೆ ಮಕ್ಕಳು ಹಿಂದೆ ಬೀಳ್ತಾರೆ." ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇವನು ತಾನು ಮದುವೆಯಾದ ಗಂಡನೇ ಹೌದೇ ಎಂಬಂತೆ ನೋಡುತ್ತಿದ್ದಳು.

ಮೇಡಂ ಮಗಳ ಪಕ್ಕ ಕೂತರು. "ನಿಂಗೇನು ಇಷ್ಟ ಮರಿ?"

"ಟ್ಯಾಬ್," ಎಂದಳು ಮಗಳು, ಅಪ್ಪನ ಮುಖ ನೋಡಿ. ಆಮೇಲೆ ತಡೆಯಲಾರದೆ, "ಮೇಣದಲ್ಲಿ ಆನೆನೂ ಮಾಡ್ತೀನಿ. ಇವತ್ತು ಕಿವಿ..." ಎಂದಳು.

ಮೇಡಂ ಕಣ್ಣರಳಿತು. "ಆನೆನಾ? ಎಲ್ಲಿದೆ?"

"ಅಯ್ಯೋ, ಅದೆಲ್ಲ ಬಿಡಿಸಿಬಿಟ್ಟಿದ್ದೀವಿ ಮೇಡಂ!" ದವಡೆ ಅಡ್ಡ ಬಂದ. "ಮನೇಲಿ ಒಂದು ಚೂರೂ ಇಲ್ಲ."

ಮೇಡಂ ಉಸಿರೆಳೆದುಕೊಂಡು ಮತ್ತೆ ಕೇಳಿದರು. "ಸರ್, ಸಂಜೆ ಹೊತ್ತು ಮಗು ಜೊತೆ ಕೂತು ಮಾತಾಡೋರು ಯಾರು?"

ದವಡೆ ಬಾಯಿ ತೆರೆಯುವ ಮೊದಲೇ ಮೂಲೆಯ ಡಬ್ಬಿ, "ಹೇಳಿ, ನಾನಿದ್ದೇನೆ," ಎಂದಿತು.

ಅಷ್ಟರಲ್ಲಿ ಕಸದ ತಟ್ಟೆ ತನಗೆ ತಾನೇ ಹೊರಟಿತು. ಅದು ಕಲಿತಿದ್ದದ್ದು ಮೇಲಿನ ಮನೆಯ ದಾರಿ. ಇಲ್ಲಿನ ಗೋಡೆಗೆ ಡಿಕ್ಕಿ ಹೊಡೆದು, ತಿರುಗಿ, ಮೇಡಂ ಚೀಲದ ಹಿಡಿಕೆಯನ್ನು ಬಾಯಿಗೆ ತುರುಕಿಕೊಂಡು ಎಳೆಯತೊಡಗಿತು. ದವಡೆ ಚೀಲವನ್ನು ಹಿಡಿದು ಎಳೆದ. ಚೀಲ ಕವುಚಿಬಿತ್ತು. ಒಳಗಿಂದ ಒಣಗಿದ ಎಲೆ, ಬೀಜ, ನದಿಯ ಕಲ್ಲು, ಹಕ್ಕಿಯ ಗರಿ ನೆಲದ ತುಂಬ ಚೆಲ್ಲಿದವು. ಪಾಪ, ಚೀಲ ಜಾಡಿಸಿ ಬಹಳ ದಿನವಾಗಿರಬೇಕು ಎಂದುಕೊಂಡ ದವಡೆ, "ಚಿಂತೆ ಮಾಡ್ಬೇಡಿ, ಇದೇ ಗುಡಿಸತ್ತೆ!" ಎಂದು ಹೆಮ್ಮೆಯಿಂದ ಕೈ ಕಟ್ಟಿ ನಿಂತ. ತಟ್ಟೆ ಗರಿಗಳನ್ನು ಒಂದೊಂದಾಗಿ ನುಂಗಿತು. ಮೇಡಂ ಮತ್ತು ಮಗಳು ಮಂಡಿಯೂರಿ ಉಳಿದ ಕಲ್ಲುಗಳನ್ನು ಆರಿಸಿಕೊಂಡರು.

ಕಾಫಿಗೂ ನಿಲ್ಲದೆ ಮೇಡಂ ಮೇಲೆ ಹೋದರು. ಕೂಡಲೇ ನಾದಿನಿಯ ಫೋನು. "ಭಾವ, ಸಾಮಾನು! ಅವರು ಮೆಟ್ಟಿಲ ಮೇಲಿದ್ದಾರೆ!"

"ಟೀವಿ ಬಿಸಿಯಾಗಿದೆ ಕಣಮ್ಮ, ಸ್ವಲ್ಪ ಆರಲಿ," ಎಂದು ದವಡೆ ಅದೇ ಮೃದು ದನಿಯಲ್ಲಿ ಹೇಳಿ ಫೋನಿಟ್ಟ. ಆಮೇಲೆ ನೆಲದ ಮೇಲೆ ಕಾಲು ಚಾಚಿ ಕೂತ. ಬೋಳು ಗೋಡೆಗಳ ನಡುವೆ ಪೆಚ್ಚುಮೋರೆ ಹಾಕಿ ನಿಂತ ಷಡ್ಡಕನನ್ನು ಕಲ್ಪಿಸಿಕೊಂಡ. ಇಷ್ಟು ವರ್ಷದಲ್ಲಿ ಮೇಲಿನ ಮನೆಯ ಯೋಚನೆ ಅವನಿಗೆ ಇಷ್ಟು ಸುಖ ಕೊಟ್ಟಿರಲಿಲ್ಲ.

ಆದರೆ ಮೇಡಂ ಬೇಗ ಇಳಿದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲಿನಿಂದ ನಗು ಕೇಳಿಸಿತು. ಮಗು ನೆಲದ ಮೇಲೆ ದಡದಡ ಓಡಿದ ಸದ್ದು. ಮತ್ತೆ ನಗು, ಈ ಸಲ ಮೇಡಂದು. ದವಡೆ ಚಾಚಿದ್ದ ಕಾಲನ್ನು ಮಡಿಸಿಕೊಂಡ.

"ಏನು ನಗು ಅದು, ಬೋಳು ಗೋಡೆ ನೋಡಿ?" ಎಂದು ಹೆಂಡತಿಯನ್ನು ಕೇಳಿದ. ಡಬ್ಬಿ, "ಕ್ಷಮಿಸಿ, ಗೊತ್ತಿಲ್ಲ," ಎಂದಿತು.

ಕತ್ತಲಾಗುವ ಹೊತ್ತಿಗೆ ಮೇಡಂ ಗೇಟು ದಾಟಿದರು. ಅವರ ಹಿಂದೆಯೇ ಷಡ್ಡಕ ಬಾಗಿಲಲ್ಲಿ ಕಾಣಿಸಿಕೊಂಡ. ಮುಖದಲ್ಲಿ ಖುಷಿ, ಸಂಕೋಚ ಎರಡೂ ಇದ್ದವು.

"ಅಣ್ಣ, ಹೇಗೆ ಹೇಳೋದು ಗೊತ್ತಾಗ್ತಿಲ್ಲ. ಸೀಟು ನಮ್ಮ ಹುಡುಗನಿಗೇ ಕೊಟ್ಟುಬಿಟ್ರು."

"ಯಾಕೆ?" ಎಂಬುದಷ್ಟೇ ದವಡೆಯ ಬಾಯಿಂದ ಬಂತು.

"ಅದು ಸ್ಕ್ರೀನೇ ಇಲ್ಲದ ಸ್ಕೂಲಂತೆ ಅಣ್ಣ. ಮಣ್ಣು, ಮರ, ಕಲ್ಲು, ಇದರಲ್ಲೇ ಪಾಠ. ಏನೂ ಇಲ್ಲ ಅಂತಾನೇ ಅಷ್ಟು ಫೀಸು! ನೆಲಮಹಡಿ ಮನೆಯಾಕೆ ಗೇಟಲ್ಲೇ ಹೇಳಿಬಿಟ್ಟಿದ್ರಂತೆ, ಮೇಲಿನವರು ಎಲ್ಲಾ ಯಂತ್ರಾನೂ ಒಂದೇ ದಿನದಲ್ಲಿ ಮನೆಯಿಂದ ಆಚೆ ಹಾಕಿದ್ರು ಅಂತ. ಬಂದು ನೋಡ್ತಾರೆ, ಹುಡುಗ ನಿಮ್ಮ ಚಾಪೆ ಮೇಲೆ ಕೂತು ಮೇಣದ ಬಾತುಕೋಳೀನ ಸಾಲಾಗಿ ನಿಲ್ಲಿಸ್ಕೊಂಡು, ನಿಮ್ಮ ಪುಸ್ತಕದಿಂದ ಕತೆ ಹೇಳ್ತಾ ಇದ್ದಾನೆ. ಆಡೋಕೆ ಬೇರೇನಿತ್ತು ಅವನಿಗೆ? ಅವರ ಕಣ್ಣಲ್ಲಿ ನೀರೇ ಬಂತು."

"ಅದು... ಅದು ನಮ್ಮದು ಅಂತ ಹೇಳ್ಲಿಲ್ವಾ?"

"ಹೇಳೋಕೆ ಹೋದೆ ಅಣ್ಣ. ನಂಬಲಿಲ್ಲ. ಈಗ ತಾನೇ ಆ ಮನೆ ನೋಡಿ ಬಂದೆ, ದೊಡ್ಡ ಮನಸ್ಸಿಂದ ಹಾಗಂತೀರಿ ಅಂದ್ರು." ಷಡ್ಡಕ ತಲೆ ಕೆರೆದುಕೊಂಡ. "ಆಮೇಲೆ ಏನೇನೋ ಪ್ರಶ್ನೆ ಕೇಳಿದ್ರು. ನಂಗೇನು ಗೊತ್ತು? ದಿನಾ ಸಂಜೆ ನೀವು ಹೇಳ್ತಿದ್ದದ್ದನ್ನೇ ಹೇಳಿದೆ. ಕಣ್ಣಿನ ವಿಷಯ, ಕೈಬರಹ, ಮನುಷ್ಯ ಮನುಷ್ಯರ ಮಾತುಕತೆ. ಒಂದೊಂದು ಮಾತಿಗೂ ತಲೆದೂಗಿದ್ರು. ಶನಿವಾರ ಉಳಿದ ಅಪ್ಪ ಅಮ್ಮಂದಿರ ಮುಂದೆ ಬಂದು ಮಾತಾಡಿ ಅಂದಿದ್ದಾರೆ. ನೀವು ಇನ್ನೊಂದ್ಸಲ ಹೇಳಿಕೊಡಬೇಕು."

ದವಡೆ ಗೋಡೆಗೆ ಒರಗಿದ. ದೀಪ ಅವನ ಮುಖವನ್ನು ಹಸಿರು ಮಾಡಿತು, ಆಮೇಲೆ ನೇರಳೆ ಮಾಡಿತು. ಮಗಳು ಮಾತ್ರ ಚಿಕ್ಕಪ್ಪನ ಕೈ ಹಿಡಿದು, ಆನೆಗೆ ಕಿವಿ ಮಾಡಬೇಕು, ತಂದುಕೊಡಿ ಎಂದು ಪೀಡಿಸತೊಡಗಿದಳು.

"ಕಿವಿ ಮಾಡೋಕೆ ನೀನೇ ಮೇಲೆ ಬಾ ಮರಿ. ಅವು ಅಲ್ಲೇ ಇರಬೇಕಂತೆ, ಮೇಡಂ ಆಗಾಗ ಬರ್ತಾರೆ," ಎಂದ ಷಡ್ಡಕ. ಆಮೇಲೆ ದವಡೆಯ ಕಡೆ ತಿರುಗಿದ. "ಇನ್ನೊಂದು ಅಣ್ಣ. ಆ ಸ್ಕೂಲಿಗೆ ಹೋಗೋ ಮಕ್ಕಳ ಮನೇಲಿ ಒಂದು ಯಂತ್ರಾನೂ ಇರಕೂಡದಂತೆ. ಬರೆದುಕೊಟ್ಟಿದ್ದೀನಿ. ಈ ಟೀವಿ, ಡಬ್ಬಿ, ನಾಯಿ, ಎಲ್ಲಾ ನೀವೇ ಇಟ್ಕೊಳ್ಳಿ. ನೀವು ಒಬ್ಬರೇ ಆಸೆಪಟ್ಟು ಕೇಳಿದ್ದು."

ಎಂದೋ ಕಂಡಿದ್ದ ಕನಸು ಕೈಗೆ ಬಂದಿತ್ತು. ಷಡ್ಡಕನ ಸಮಸ್ತ ಸಂಪತ್ತೂ ದವಡೆಯ ಒಂದೇ ಕೋಣೆಯಲ್ಲಿ ಮಿನುಗುತ್ತ, ಬೊಗಳುತ್ತ, ಗೋಡೆಗೆ ಡಿಕ್ಕಿ ಹೊಡೆಯುತ್ತ ಬಿದ್ದಿತ್ತು. ಅದರ ನಡುವೆ ಕಾಲಿಡಲು ಜಾಗ ಹುಡುಕುತ್ತ ದವಡೆ ಕ್ಷೀಣ ದನಿಯಲ್ಲಿ ಕೇಳಿದ.

"ಹಾಗಾದ್ರೆ ಈಗ ನಿಮ್ಮನೇಲಿ ಏನಿದೆ?"

"ಏನೂ ಇಲ್ಲ ಅಣ್ಣ," ಎಂದು ಷಡ್ಡಕ ನಕ್ಕ. "ಒಂದು ಚಾಪೆ, ನಾಲ್ಕು ಪುಸ್ತಕ. ಎಷ್ಟು ಹಾಯಾಗಿದೆ ಅಂದ್ರೆ!"

ಅವನು ಮೆಟ್ಟಿಲು ಹತ್ತಿ ಹೋದ. ಇಷ್ಟು ವರ್ಷ ಮೇಲಿನ ಮನೆಯಲ್ಲಿ ಇದ್ದದ್ದಕ್ಕೆಲ್ಲ ಉರಿದುಕೊಂಡಿದ್ದ ದವಡೆಯ ಹೊಟ್ಟೆ, ಅಲ್ಲಿ ಏನೂ ಇಲ್ಲ ಎಂಬುದಕ್ಕೆ ಎಂದೂ ಉರಿಯದಷ್ಟು ಉರಿಯತೊಡಗಿತು.